ಬಿರುಗಾಳಿಗೆ ಸಿಕ್ಕ ಮರದ ಮೇಲೆ ಗರಗಸದ ಅವಸರ ಬೇಡ

ಮಾನ್ಯ ಸಂಪಾದಕರೇ,

ವಸಂತದ ಬಿರುಗಾಳಿ ಬಂದುಹೋದ ಮರುದಿನ ಕೈತೋಟದ ಮರಗಳಿಗೆ ಎರಡನೇ ಪೆಟ್ಟು ಬೀಳುತ್ತದೆ. ಒಂದು ಕಡೆ ಕೊಂಬೆ ಮುರಿದಿದೆಯೆಂದು ಇಡೀ ನೆತ್ತಿಯನ್ನೇ ಸಮನಾಗಿ ಕತ್ತರಿಸಿ, ಗಾಯಗಳಿಗೆ ಡಾಂಬರು ಬಳಿದುಬಿಡುತ್ತಾರೆ. ಗಾಳಿಯಿಂದ ಉಳಿದ ಮರ ಇದರಿಂದ ಸಾಯಬಹುದು.

ಕಾರಣ ಸರಳ. ಹಿಂದಿನ ವರ್ಷ ಬೇರು, ಕಾಂಡಗಳಲ್ಲಿ ಕೂಡಿಟ್ಟ ಪಿಷ್ಟದ ಬಹುಪಾಲನ್ನು ಮರ ಆಗಷ್ಟೇ ಚಿಗುರಿಗೆ ಖರ್ಚು ಮಾಡಿರುತ್ತದೆ. ಎಲೆ ಉದುರಿದರೆ ಅಳಿದುಳಿದ ದಾಸ್ತಾನಿನಿಂದಲೇ ಮತ್ತೆ ಚಿಗುರಬೇಕು. ಆಗ ಉಳಿದ ಒಂದೊಂದು ಹಸಿರೆಲೆಯೂ ಅದಕ್ಕೆ ದುಡಿಯುವ ಕೈ. ಮುರಿದದ್ದು, ಸೀಳಿದ್ದು, ನೇತಾಡುವುದು ಇಷ್ಟನ್ನು ಮಾತ್ರ ತೆಗೆಯಿರಿ. ಅಂದಕ್ಕಾಗಿ ಸವರುವುದಿದ್ದರೆ ಮುಂದಿನ ವರ್ಷಕ್ಕಿರಲಿ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯನ್ನಂತೂ ಮುಟ್ಟಲೇಬೇಡಿ.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗವೊಂದಿರುತ್ತದೆ. ಗಾಯವನ್ನು ಮುಚ್ಚುವ ಹೊಸ ಅಂಗಾಂಶ ಹುಟ್ಟುವುದು ಅಲ್ಲೇ. ಕಾಂಡಕ್ಕೆ ಒತ್ತಿ ಕೊಯ್ದರೆ ಅದೂ ಹೋಗುತ್ತದೆ. ಉದ್ದದ ಮೋಟು ಬಿಟ್ಟರೆ ಅದು ಒಣಗಿ ಕೊಳೆತು, ಆ ಕೊಳೆ ಕಾಂಡದ ಒಳಕ್ಕಿಳಿಯುತ್ತದೆ. ದಪ್ಪ ಕೊಂಬೆಯಾದರೆ ಕಾಂಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಕೊಯ್ಯಬೇಕು. ಅದಕ್ಕಿಂತ ನಾಲ್ಕೈದು ಸೆಂ.ಮೀ. ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಉಳಿದ ಮೋಟನ್ನು ಕೊನೆಗೆ ಉಬ್ಬಿನ ಹೊರಅಂಚಿನಲ್ಲಿ ತೆಗೆಯಬೇಕು. ಕೆಳಗಿನ ಕೊಯ್ತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಡಾಂಬರು, ಪೇಂಟ್ ಯಾವುದೂ ಬೇಡ. ಅವು ತೇವವನ್ನು ಒಳಗೇ ಹಿಡಿದಿಟ್ಟು ಶಿಲೀಂಧ್ರಕ್ಕೆ ಅನುಕೂಲ ಮಾಡಿಕೊಡುತ್ತವೆ. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಗಾಯಗೊಂಡ ಭಾಗವನ್ನು ಮರ ಒಳಗೊಳಗೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟದ್ದು ಇದನ್ನೇ. ತೊಗಟೆ ಹರಿದಿದ್ದರೆ ಸಡಿಲವಾದ ಅಂಚನ್ನಷ್ಟೇ ಹರಿತ ಚಾಕುವಿನಿಂದ ತೆಗೆದರೆ ಸಾಕು.

ವಾಲಿದ ಎಳೆಯ ಮರವನ್ನು ಬೇರು ಒಣಗುವ ಮುನ್ನ, ಮಣ್ಣು ಹಸಿಯಿರುವಾಗಲೇ ಎತ್ತಿ ನಿಲ್ಲಿಸಿ ಗೂಟ ಕೊಡಿ. ಕಟ್ಟಲು ಅಗಲದ ಬಟ್ಟೆಪಟ್ಟಿಯಿರಲಿ, ತಂತಿ ಬೇಡ. ಕಾಂಡ ತುಸು ಅಲುಗಾಡುವಂತಿದ್ದರೆ ಮಾತ್ರ ಅದು ಗಟ್ಟಿಯಾಗುತ್ತದೆ. ವರ್ಷದೊಳಗೆ ಕಟ್ಟು ಬಿಚ್ಚಿ, ಇಲ್ಲವಾದರೆ ಪಟ್ಟಿ ತೊಗಟೆಯೊಳಕ್ಕೆ ಇಳಿಯುತ್ತದೆ. ದೊಡ್ಡ ಮರದ ಬೇರೇ ಕಿತ್ತಿದ್ದರೆ ನೆಟ್ಟಗೆ ನಿಲ್ಲಿಸಿದರೂ ನಂಬುವಂತಿಲ್ಲ.

ಮಳೆ ನಿಂತ ಮೇಲೆ ಬೇರು ನೆನೆಯುವಷ್ಟು ನೀರು ಕೊಡಿ. ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, 5ರಿಂದ 8 ಸೆಂ.ಮೀ. ದರಗಿನ ಹೊದಿಕೆ ಹಾಕಿ. ಸಾರಜನಕದ ಗೊಬ್ಬರ ಆ ವರ್ಷ ಬೇಡ.

ಕೆಲವು ವಾರಗಳಲ್ಲಿ ಸುಪ್ತ ಮೊಗ್ಗುಗಳು ಒಡೆದು ಗಾಯದ ಕೆಳಗೆ ಗೊಂಚಲು ಗೊಂಚಲಾಗಿ ಚಿಗುರು ಬರುತ್ತದೆ. ಮೊದಲ ವರ್ಷ ಎಲ್ಲವನ್ನೂ ಬಿಡಿ, ಮರಕ್ಕೆ ಊಟ ಅವುಗಳಿಂದಲೇ. ಆದರೆ ಅವುಗಳ ಬುಡ ಗಟ್ಟಿಯಿಲ್ಲ. ಎರಡು, ಮೂರನೇ ವರ್ಷಗಳಲ್ಲಿ ಒಂದೊಂದು ಗೊಂಚಲಿನಲ್ಲೂ ಗಟ್ಟಿಯಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ಸವರದಿದ್ದರೆ, ಇನ್ನೊಂದು ಬಿರುಗಾಳಿಗೆ ಮೊದಲು ಸಿಗಿಯುವುದು ಅವೇ.

ಇಂತಿ,
ಒಬ್ಬ ಓದುಗ