ಭಾನುವಾರ ಅರಳಿಕಟ್ಟೆ ಹತ್ತಿರ ಬನ್ನಿ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಗುಂಪಿನಲ್ಲಿ ಬರೀ ದಿಲ್ಲಿ ರಾಜಕೀಯದ ಜಗಳ. ನಾನೂ ಬಿಸಿಬಿಸಿಯಾಗಿ ಬರೆದಿದ್ದೇನೆ, ಇಲ್ಲ ಅನ್ನುವುದಿಲ್ಲ. ಸಂವಿಧಾನ, ಮೀಸಲಾತಿ ಅಂದರೆ ಸುಮ್ನೆ ಇರಲು ಆಗುವುದಿಲ್ಲ. ನಮ್ಮ ಕೋಲಾರವೇ ಮೀಸಲು ಲೋಕಸಭಾ ಕ್ಷೇತ್ರ ಅಲ್ವಾ?

ಆದರೆ ನಿನ್ನೆ ಸಂಜೆ ಕಾಲೋನಿ ಕಡೆ ಹೋಗಿದ್ದೆ. ಮೂರು ಬೀದಿದೀಪ ಕೆಟ್ಟು ತಿಂಗಳಾಗಿದೆ. ಕೆ.ಸಿ. ವ್ಯಾಲಿ ನೀರಿನಿಂದ, ಅಂದರೆ ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಕೊಳಚೆ ನೀರಿನಿಂದ, ಕೆರೆ ತುಂಬಿದೆ, ಅದು ಕುಡಿಯಲು ಅಲ್ಲ. ನಲ್ಲಿ ಮುಂದೆ ಕೊಡಗಳ ಸಾಲು ಹಾಗೇ ಇದೆ. ಇದಕ್ಕೆಲ್ಲ ದಿಲ್ಲಿಯಿಂದ ಯಾರೂ ಬರುವುದಿಲ್ಲ.

ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ 2016ರಲ್ಲಿ ನಡೆಯಿತು. 2021ಕ್ಕೆ ಅವಧಿ ಮುಗಿದ ಮೇಲೆ ಚುನಾವಣೆಯೇ ಇಲ್ಲದೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಕಾರುಬಾರು. ನಮ್ಮಲ್ಲಿ ಯಾರಿಗಾದರೂ ಸಿಟ್ಟು ಬಂತಾ?

ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಜಾತಿ, ಬಾಡೂಟ, ನೋಟು ಜಾಸ್ತಿ ಕೆಲಸ ಮಾಡುತ್ತವೆ. ಅರ್ಧ ಸೀಟು ಹೆಂಗಸರದ್ದು, ಸಭೆಯಲ್ಲಿ ಕುರ್ಚಿ ಎಳೆದು ಕೂರುವುದು ಗಂಡ. ಸಮಾನತೆ ಅಂತ ಬರೆಯುವ ನಾವೇ ಆ ಗಂಡನಿಗೆ ‘ಅಧ್ಯಕ್ಷರೇ’ ಅಂತ ಕೈ ಮುಗಿಯುತ್ತೇವೆ.

ಭಾನುವಾರ ಬೆಳಿಗ್ಗೆ 10ಕ್ಕೆ ಅರಳಿಕಟ್ಟೆ ಹತ್ತಿರ ಸೇರೋಣ. ಮತದಾರರ ಪಟ್ಟಿ ತರುತ್ತೇನೆ. 18 ತುಂಬಿದ ಮಕ್ಕಳನ್ನು ಫೋಟೊ, ಆಧಾರ್ ಜೊತೆ ಕರೆತನ್ನಿ, ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿ ನಮೂನೆ 6 ತುಂಬಿಸೋಣ. ಅಲ್ಲಿಯವರೆಗೆ ಫಾರ್ವರ್ಡ್ ಬೇಡ ಮಾರಾಯ್ರೇ.