ಮಡಿಚುವ ಚಾಕು ಮತ್ತು ‘ಮಾರಕಾಸ್ತ್ರ’ ಎಂಬ ಪದ

ಸಂಪಾದಕರಿಗೆ,

ಮಾನ್ಯರೇ,

ಚುನಾವಣೆಯ ದಿನಗಳಲ್ಲಿ ಒಮ್ಮೆ ಶಿರಸಿಯಿಂದ ಕುಮಟಾ ಕಡೆಗೆ ಘಟ್ಟ ಇಳಿಯುತ್ತಿದ್ದಾಗ, ತಪಾಸಣೆಗೆ ನಿಂತಿದ್ದ ಪೊಲೀಸರು ನನ್ನ ಕೈಚೀಲ ತೆರೆಸಿ ನೋಡಿದರು. ಒಳಗಿದ್ದದ್ದು ಒಂದು ಪಂಚೆ, ತಂಗಿಯ ಮನೆಗೆ ಒಯ್ಯುತ್ತಿದ್ದ ಮಿಡಿ ಉಪ್ಪಿನಕಾಯಿಯ ಡಬ್ಬಿ, ಪ್ಲಾಸ್ಟಿಕ್ ಪಟ್ಟಿಯ ಒಂದು ಸುರುಳಿ ಮತ್ತು ನನ್ನ ಕಸಿ ಚಾಕು. ಎರಡೂವರೆ ಇಂಚಿನ ಅಲಗು, ಮರದ ಹಿಡಿ. ಅಲಗಿನ ಮೇಲಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಮಾತ್ರ ತೆರೆದುಕೊಳ್ಳುವಂಥದ್ದು. ವಾಟೆಯಿಂದ ಎದ್ದ ಮಾವಿನ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಉಪ್ಪಿನಕಾಯಿಯ ಮಾವಾದ ಅಪ್ಪೆಮಿಡಿಯ ಕುಡಿಯನ್ನು ಆಪಿನಂತೆ ಕೆತ್ತಿ ಕೂರಿಸಲು ಇಂಥ ಚಾಕುವೇ ಬೇಕು. ಅದಕ್ಕಾಗಿಯೇ ಅಲಗಿನ ಒಂದು ಮಗ್ಗುಲಿಗೆ ಮಾತ್ರ ಸಾಣೆ ಹಿಡಿದಿರುತ್ತಾರೆ. ಇಪ್ಪತ್ತು ವರ್ಷಗಳಿಂದ ಅದು ನನ್ನ ಚೀಲದಲ್ಲೇ ಇತ್ತು. ಎಳೆಯ ವಯಸ್ಸಿನ ಪೊಲೀಸ್ ಸಿಬ್ಬಂದಿ ಅದನ್ನು ಬಿಚ್ಚಿ, ಮಡಿಚಿ, ಮತ್ತೆ ಬಿಚ್ಚಿ ನೋಡಿ, “ಯಜಮಾನ್ರೇ, ಇದು ಮಾರಕಾಸ್ತ್ರ ಆಗ್ತದೆ” ಎಂದರು. ಅರ್ಧ ಗಂಟೆಯ ನಂತರ ನನ್ನನ್ನು ಕಳುಹಿಸಿದರು, ಚಾಕು ಅಲ್ಲೇ ಉಳಿಯಿತು. ಚೀಟಿ ಕೇಳಿದೆ, ಕೊಡಲಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆತ ಹೇಳಿದ್ದು ಸರಿಯೋ ತಪ್ಪೋ ಎಂಬುದು ಆತನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪರಿಚಯದ ವಕೀಲರೊಬ್ಬರ ಬಳಿ ಕುಳಿತು ಕಾಯ್ದೆಯನ್ನು ಓದಿಸಿಕೊಂಡ ಮೇಲೆ, ಇಂಥ ಗೊಂದಲ ಊರಿನಲ್ಲೆಲ್ಲ ಇದೆಯೆಂದೂ ಅದರಲ್ಲಿ ಪತ್ರಿಕೆಗಳ ಭಾಷೆಯ ಪಾಲೂ ಸ್ವಲ್ಪ ಇದೆಯೆಂದೂ ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

‘ಒಂಬತ್ತು ಇಂಚಿಗಿಂತ ಚಿಕ್ಕದಾದರೆ ಯಾವ ಚಾಕುವಿಗೂ ಅಡ್ಡಿಯಿಲ್ಲ’ ಎಂಬ ಮಾತು ಚಾಕು ಮಾರುವವರ ಬಾಯಲ್ಲೂ ಕಾಲೇಜು ಹುಡುಗರ ಬಾಯಲ್ಲೂ ಚಲಾವಣೆಯಲ್ಲಿದೆ. ಆ ಅಳತೆ ಕಟ್ಟುಕತೆಯೇನಲ್ಲ. ಶಸ್ತ್ರಾಸ್ತ್ರ ನಿಯಮಗಳು, 2016ರ ಮೊದಲ ಅನುಸೂಚಿಯ ಐದನೇ ವರ್ಗದಲ್ಲಿ, ಕತ್ತಿ, ಬಾಕು, ಭರ್ಜಿಗಳ ಸಾಲಿನಲ್ಲಿ, ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಿರುವ ಚಾಕುಗಳೂ ಬರುತ್ತವೆ. ಆದರೆ ಮನೆಬಳಕೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಗೆಂದು ಮಾಡಿದವುಗಳನ್ನು ಅಲ್ಲಿಯೇ ಹೊರಗಿಟ್ಟಿದ್ದಾರೆ. ಜನ ತಪ್ಪು ತಿಳಿಯುವುದು ಈ ವರ್ಗ ಯಾತಕ್ಕಾಗಿ ಇದೆ ಎಂಬುದರಲ್ಲಿ. ಅಂಥ ಶಸ್ತ್ರಗಳನ್ನು ತಯಾರಿಸಲು ಮತ್ತು ಮಾರಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಬೇಕು. ಬಂದೂಕಲ್ಲದ ಶಸ್ತ್ರವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕಾಗುವುದು, 4ನೇ ಕಲಂ ಅಡಿಯಲ್ಲಿ ಕೇಂದ್ರ ಸರ್ಕಾರ ಒಂದು ಪ್ರದೇಶವನ್ನೂ ಅಲ್ಲಿಗೆ ಅನ್ವಯಿಸುವ ಶಸ್ತ್ರದ ಬಗೆಯನ್ನೂ ಹೆಸರಿಸಿ ಅಧಿಸೂಚನೆ ಹೊರಡಿಸಿದಾಗ. ಅಂದರೆ ಒಂಬತ್ತು ಇಂಚು ಎಂಬುದು ಕಿಸೆಯಲ್ಲಿಟ್ಟುಕೊಂಡು ಓಡಾಡಲು ಕೊಟ್ಟ ರಹದಾರಿಯಲ್ಲ. ಅದಕ್ಕಿಂತ ಚಿಕ್ಕ ಚಾಕುವೂ ಬೇರೆ ಆದೇಶದ ಅಡಿಯಲ್ಲಿ ತಪ್ಪಾಗಬಹುದು, ದೊಡ್ಡದೂ ತೋಟದ ಕೆಲಸದ್ದಾಗಿದ್ದರೆ ತಪ್ಪಾಗದೇ ಇರಬಹುದು.

ದೆಹಲಿಯ ಉದಾಹರಣೆ ನೋಡಿ. ಅಲ್ಲಿ 1980ರ ಅಧಿಸೂಚನೆಯೊಂದು, ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ‘ಬಟನ್‌ದಾರ್’ ಚಾಕು, ತೆರೆಯುವಾಗ ಹಲ್ಲುಹಲ್ಲಾಗಿ ಸಿಕ್ಕಿಕೊಳ್ಳುವ ‘ಗರಾರಿದಾರ್’ ಚಾಕು ಮತ್ತು ಯಂತ್ರದ ಉಪಾಯದಿಂದ ತೆರೆಯುವ ಇತರ ಚಾಕುಗಳ ಅಲಗು 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲ ಇದ್ದರೆ ಅವುಗಳಿಗೆ ನಿರ್ಬಂಧ ಹೇರಿದೆ. ಒಂಬತ್ತು ಇಂಚಿನ ಮಾತೇ ಅಲ್ಲಿಲ್ಲ, 7.62 ಸೆಂಟಿಮೀಟರ್ ಎಂದರೆ ಮೂರು ಇಂಚು. ಬ್ರಿಟನ್ನಿನ 1988ರ ಕಾಯ್ದೆಯಲ್ಲಿಯೂ ಮೂರು ಇಂಚೇ ಇದೆ, ಆದರೆ ತಿರುಗುಮುರುಗಾಗಿ: ಅಷ್ಟರೊಳಗಿನ ಅಲಗಿನ, ತೆರೆದಾಗ ಬಿಗಿಯಾಗಿ ಸಿಕ್ಕಿಕೊಳ್ಳದ ಮಡಿಚುವ ಚಾಕುವನ್ನು ಕಾರಣ ಹೇಳದೆಯೂ ಇಟ್ಟುಕೊಳ್ಳಬಹುದು. ಮೊಬೈಲಿನಲ್ಲಿ ಹುಡುಕುವ ನಮ್ಮ ಹುಡುಗರಿಗೆ ಸಿಗುವ ಉತ್ತರಗಳಲ್ಲಿ ಈ ಬ್ರಿಟನ್ನಿನ ಕಾನೂನೂ ದೆಹಲಿಯದೂ ಒಂದೇ ಪಾಕವಾಗಿ ಬೆರೆತಿರುತ್ತವೆ. ಅದನ್ನು ನಂಬಿ ಕಾರವಾರದಲ್ಲೋ ಶಿರಸಿಯಲ್ಲೋ ಓಡಾಡುವುದು ಪಕ್ಕದ ಮನೆಯ ಉತಾರ ಹಿಡಿದು ನಮ್ಮ ಜಮೀನಿನ ಗಡಿ ಅಳೆದಂತೆ.

ಮಡಿಚುತ್ತದೆ ಎಂಬ ಒಂದೇ ಕಾರಣಕ್ಕೆ ಚಾಕು ಶಸ್ತ್ರವಾಗುವುದಿಲ್ಲ. ಕಾಯ್ದೆಯ 2ನೇ ಕಲಂ, ದಾಳಿಗೆ ಅಥವಾ ರಕ್ಷಣೆಗೆ ಆಯುಧವಾಗಿ ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತುಗಳನ್ನು ಶಸ್ತ್ರವೆಂದು ಕರೆದು, ಕೇವಲ ಮನೆಬಳಕೆಗೆ ಅಥವಾ ಕೃಷಿಗೆ ಮಾಡಿದವನ್ನು ಬಿಟ್ಟುಬಿಡುತ್ತದೆ. ‘ಕೇವಲ’ ಎಂಬ ಆ ಪದ ಸಣ್ಣದಲ್ಲ. ಕಸಿ ಚಾಕುವಿನಿಂದ ಕಸಿ ಕಟ್ಟುವುದಲ್ಲದೆ ಹೆಚ್ಚೆಂದರೆ ಹಣ್ಣು ಹೆಚ್ಚಬಹುದು. ಆದರೆ ಅಂತರ್ಜಾಲದ ಅಂಗಡಿಗಳಲ್ಲಿ ಕಪ್ಪು ಅಲಗು, ಬೆರಳು ತೂರಿಸುವ ಬಳೆ, ಬೆಳ್ಳಿತೆರೆಯ ಖಳನಾಯಕನಂಥ ಹೆಸರು ಹೊತ್ತು ಬರುವ ಮಡಿಚುವ ಚಾಕುಗಳನ್ನು ತರಕಾರಿಗೆಂದು ತರಿಸಿಕೊಂಡೆ ಎಂದರೆ ಯಾವ ನ್ಯಾಯಾಧೀಶರೂ ನಗುತ್ತಾರೆ. ಆ ಸರಕಿನ ಪರವಾಗಿ ನಾನಂತೂ ವಾದಿಸುತ್ತಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಬ್ಬಿಣವಿಲ್ಲದೆ ಬೆಳಗಾಗುವುದಿಲ್ಲ. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವವರನ್ನು, ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಅಡಿಕೆ ಸುಲಿಯುವವರನ್ನು, ಕಾರವಾರದ ಬೈತಕೋಲ ಬಂದರಿನಲ್ಲಿ ಬಲೆಯ ಹಗ್ಗ ಕತ್ತರಿಸಲು ಚಾಕು ಇಟ್ಟುಕೊಳ್ಳುವ ಮೀನುಗಾರರನ್ನು ಯಾರೂ ತಡೆಯುವುದಿಲ್ಲ, ತಡೆಯಲೂಬಾರದು. ಸೊಂಟದ ಆ ಕತ್ತಿ ನನ್ನ ಕಸಿ ಚಾಕುವಿನ ನಾಲ್ಕು ಪಟ್ಟು ದೊಡ್ಡದು. ಎಲ್ಲರಿಗೂ ಕಾಣುವಂತೆ ತೂಗುತ್ತದೆಂಬ ಕಾರಣಕ್ಕೆ ಅದು ಸಾಧು, ಚೀಲದೊಳಗೆ ಮಡಿಚಿಕೊಂಡಿದೆ ಎಂಬ ಕಾರಣಕ್ಕೆ ಇದು ಶಂಕಿತ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ನಮಗೆ ಅಂಥ ವಿನಾಯಿತಿ ಇಲ್ಲ, ನಮ್ಮ ಕತ್ತಿಗೆ ಅದು ಬೇಕಾಗಿಯೂ ಇಲ್ಲ. ಕೃಷಿಯ ಉಪಕರಣವನ್ನು ಕಾಯ್ದೆಯೇ ಹೊರಗಿಟ್ಟಿದೆ.

ಹಾಗೆಂದು ಕೃಷಿಕ ಎಂದು ಹೇಳಿಕೊಂಡರೆ ಎಲ್ಲಿಗೆ ಬೇಕಾದರೂ ಅಲಗು ಒಯ್ಯಬಹುದು ಎಂದಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 35ನೇ ಕಲಂ ಪ್ರಕಾರ ಪೊಲೀಸ್ ಆಯುಕ್ತರು ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಒಂದು ಅವಧಿಗೆ ಚಾಕು, ದೊಣ್ಣೆ, ಲಾಠಿಗಳನ್ನು ಹಿಡಿದು ತಿರುಗುವುದನ್ನೇ ನಿಷೇಧಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಅಂದರೆ ನಾವೆಲ್ಲ ಇನ್ನೂ ‘144 ಸೆಕ್ಷನ್’ ಎಂದೇ ಕರೆಯುವ ನಿಷೇಧಾಜ್ಞೆ, 2024ರ ಜುಲೈ 1ರಿಂದ ಹೊಸ ಸಂಖ್ಯೆಯಲ್ಲಿ ಜಾರಿಯಲ್ಲಿದೆ. ಶಸ್ತ್ರವನ್ನು ದುರುದ್ದೇಶಕ್ಕೆ ಒಯ್ಯುತ್ತಿದ್ದಾರೆಂದು ಸಂಶಯಿಸಲು ನ್ಯಾಯವಾದ ಕಾರಣವಿದ್ದರೆ, ಪರವಾನಗಿ ಇದ್ದರೂ ವಾರಂಟ್ ಇಲ್ಲದೆ ಬಂಧಿಸಲು ಶಸ್ತ್ರಾಸ್ತ್ರ ಕಾಯ್ದೆಯ 20ನೇ ಕಲಂ ಅಧಿಕಾರ ಕೊಡುತ್ತದೆ. ಚಾಕುವಿನಿಂದ ಉದ್ದೇಶಪೂರ್ವಕವಾಗಿ ಸಾಮಾನ್ಯ ಗಾಯ ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಅಡಿಯಲ್ಲಿ ಮೂರು ವರ್ಷದವರೆಗೆ ಸೆರೆಮನೆ ಆಗಬಹುದು. ಇನ್ನು ವಿಮಾನದಲ್ಲಿ ಕೈಚೀಲದೊಳಗೆ ಚಾಕು ಸಾಗುವುದಿಲ್ಲ. ಗೋವಾದಿಂದ ಮುಂಬೈಗೆ ಹೊರಟ ನನ್ನ ತಂಗಿಯ ಮಗ ಕೀಲಿಗೊಂಚಲಿನ ಪುಟ್ಟ ಚಾಕುವನ್ನು ಅಲ್ಲಿನ ಡಬ್ಬಿಗೆ ಹಾಕಿ ಹೋದ. ಲಗೇಜಿನಲ್ಲಿ ಕೊಟ್ಟಿದ್ದರೆ ಉಳಿಯುತ್ತಿತ್ತು.

ವಶಪಡಿಸಿಕೊಳ್ಳುವ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದೇ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧನೆಯನ್ನೂ ಜಪ್ತಿಯನ್ನೂ, ಜಪ್ತಿಯಾದ ವಸ್ತುಗಳ ಪಟ್ಟಿ ಬರೆದು ಸಾಕ್ಷಿಗಳ ಸಹಿ ಹಾಕಿಸುವುದನ್ನೂ ಸೇರಿಸಿ, ಧ್ವನಿ ಮತ್ತು ದೃಶ್ಯ ಸಹಿತ ದಾಖಲಿಸಬೇಕೆನ್ನುತ್ತದೆ. ನನ್ನ ಚಾಕು ನಿಜಕ್ಕೂ ಮಾರಕಾಸ್ತ್ರವಾಗಿದ್ದರೆ ಅದಕ್ಕೊಂದು ಪಟ್ಟಿ ಇರಬೇಕಿತ್ತು. ಅಲ್ಲವಾಗಿದ್ದರೆ ಅದು ನನ್ನ ಚೀಲದಲ್ಲೇ ಇರಬೇಕಿತ್ತು. ಇವೆರಡರ ನಡುವೆ ಮೇಜಿನ ಖಾನೆಯಲ್ಲಿ ಉಳಿಯುವ ಮೂರನೇ ಜಾತಿಯ ಚಾಕು ಯಾವ ಕಾಯ್ದೆಯಲ್ಲೂ ಇಲ್ಲ.

ಈಗ ತಮ್ಮಲ್ಲಿ ಎರಡು ವಿನಂತಿ. ನಿಷೇಧಾಜ್ಞೆ ಹೊರಬಿದ್ದಾಗ ಪತ್ರಿಕೆಗಳಲ್ಲಿ ‘ಮಾರಕಾಸ್ತ್ರ ಹಿಡಿದು ಸಂಚರಿಸುವುದನ್ನು ನಿಷೇಧಿಸಲಾಗಿದೆ’ ಎಂಬ ಒಂದು ಸಾಲು ಬರುತ್ತದೆ, ಮುಗಿಯಿತು. ಆದೇಶ ಎಂದಿನಿಂದ ಎಂದಿನವರೆಗೆ, ಯಾವ ತಾಲ್ಲೂಕಿಗೆ, ಯಾವ ವಸ್ತುಗಳಿಗೆ, ಕೃಷಿ ಮತ್ತು ಮೀನುಗಾರಿಕೆಯ ಉಪಕರಣಗಳಿಗೆ ವಿನಾಯಿತಿ ಇದೆಯೋ ಇಲ್ಲವೋ ಎಂಬುದನ್ನು ನಾಲ್ಕು ಸಾಲು ಹೆಚ್ಚಾದರೂ ಅಚ್ಚು ಹಾಕಿ. ಎರಡನೆಯದು, ಪೊಲೀಸ್ ಪ್ರಕಟಣೆಯಲ್ಲಿ ‘ಮಾರಕಾಸ್ತ್ರ ವಶ’ ಎಂದಿದ್ದರೆ ಅದು ತಲವಾರೋ, ಬಟನ್ ಚಾಕುವೋ, ಹುಲ್ಲು ಕೊಯ್ಯುವ ಕತ್ತಿಯೋ ಎಂದು ವರದಿಗಾರರು ಕೇಳಿ ಬರೆಯಲಿ. ಕಾಯ್ದೆ ಒಂದೊಂದು ಅಲಗನ್ನೂ ಬೇರೆ ಬೇರೆಯಾಗಿ ನೋಡುವಾಗ ವರದಿ ಎಲ್ಲವನ್ನೂ ಒಂದೇ ಹೆಸರಿನಿಂದ ಕೂಗಿದರೆ, ತಪಾಸಣೆಗೆ ನಿಂತ ಎಳೆಯ ಸಿಬ್ಬಂದಿಯೂ ಆ ಹೆಸರನ್ನೇ ಕಲಿಯುತ್ತಾನೆ.

ಮಳೆ ಹಿಡಿಯುವ ಹೊತ್ತಿಗೆ ‘ಅನಂತಭಟ್ಟನ ಅಪ್ಪೆ’ ಎಂಬ ತಳಿಯ ಮಾವಿನ ಕುಡಿ ಕೊಯ್ದು ಮತ್ತೆ ಘಟ್ಟ ಇಳಿಯುವುದಿದೆ. ಹೊಸ ಚಾಕು ಕೊಂಡಿದ್ದೇನೆ. ಈ ಸಲ ಅಂಗಡಿಯ ಬಿಲ್ಲನ್ನೂ ಕಸಿ ಪಟ್ಟಿಯ ಸುರುಳಿಯೊಳಗೇ ಇಟ್ಟುಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ