ರಷ್ಯಾ ಪ್ರವಾಸದಲ್ಲಿ ತ್ವೇರ್ ನಗರವನ್ನು ಕೈಬಿಟ್ಟ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ಮತ್ತು ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ.

ವಿಷಯ: ಜೂನ್ ತಿಂಗಳ ಎಂಟು ದಿನಗಳ ಮಾಸ್ಕೋ–ಸೇಂಟ್ ಪೀಟರ್ಸ್‌ಬರ್ಗ್ ಪ್ರವಾಸದಲ್ಲಿ ಹೆಚ್ಚುವರಿ ಹಣ ಪಡೆದೂ ತ್ವೇರ್ ನಗರಕ್ಕೆ ಕರೆದೊಯ್ಯದಿರುವುದು ಹಾಗೂ ಮುಖ್ಯ ಸ್ಥಳಗಳನ್ನು ಅವುಗಳ ವಾರದ ರಜೆಯಂದೇ ತೋರಿಸಿರುವುದು.

ಮಾನ್ಯರೇ,

ಈ ಪತ್ರ ಬರೆಯುವ ಮನಸ್ಸು ನನಗಿರಲಿಲ್ಲ. ಪ್ರವಾಸ ಮುಗಿಸಿ ಬೀದರಿಗೆ ಮರಳಿದ ಮೇಲೆ ಹನ್ನೊಂದು ಬಾರಿ ದೂರವಾಣಿಯಲ್ಲಿ, ನಾಲ್ಕು ಬಾರಿ ಇಮೇಲ್ ಮೂಲಕ, ಎಲ್ಲಿಯೂ ದನಿ ಏರಿಸದೆ ಕೇಳಿಕೊಂಡಿದ್ದೇನೆ. ಪ್ರತಿ ಬಾರಿಯೂ ನಿಮ್ಮ ಸಿಬ್ಬಂದಿ ನನ್ನ ಬುಕಿಂಗ್ ಸಂಖ್ಯೆಯನ್ನು ಕೇಳಿ ಬರೆದುಕೊಂಡರು. ಅದೊಂದು ಕೆಲಸವನ್ನು ಅವರು ಚಾಚೂ ತಪ್ಪದೆ ಮಾಡಿದ್ದಾರೆ. ಆದರೆ ಮೊನ್ನೆ ಗುರುವಾರ ನನ್ನ ಮೊಬೈಲಿಗೆ, ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಸಂದೇಶ ಬಂತು. ಜೊತೆಗೆ, ಮುಂದಿನ ಪ್ರವಾಸದಲ್ಲಿ 2,000 ರೂಪಾಯಿ ರಿಯಾಯಿತಿಯ ಕೂಪನ್ನೂ ಇತ್ತು. ಏನು ಪರಿಹಾರವಾಯಿತು, ಯಾರಿಗೆ ಆಯಿತು ಎಂದು ತಿಳಿಯದ ಕಾರಣ ಈಗ ಲಿಖಿತವಾಗಿಯೇ ಕೇಳುತ್ತಿದ್ದೇನೆ.

ನಾನು ಬೀದರಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ರಷ್ಯಾಕ್ಕೆ ಹೋಗಬೇಕೆಂಬ ನನ್ನ ಆಸೆಗೆ ಕಾರಣ ನಿಮ್ಮ ಕರಪತ್ರದ ಮೇಲಿನ ಬಣ್ಣಬಣ್ಣದ ಗುಮ್ಮಟಗಳಲ್ಲ. ತ್ವೇರ್ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ, ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಸುಮಾರು ಮೂರು ದಶಕ ಮುಂಚೆಯೇ, ಒಂದು ಕುದುರೆಯನ್ನು ಹಡಗಿನಲ್ಲಿ ಹೇರಿಕೊಂಡು ಚೌಲ್ ಬಂದರಿನಲ್ಲಿ ಇಳಿದು, ಬಹಮನಿಗಳ ರಾಜಧಾನಿಯಾಗಿದ್ದ ನಮ್ಮ ಬೀದರಿಗೆ ಬಂದಿದ್ದನು. ಆ ಕುದುರೆಯನ್ನು ಅವನು ಕೊನೆಗೆ ಮಾರಿದ್ದೂ ಇಲ್ಲಿಯೇ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನನ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಅವನು. ನನ್ನ ತರಗತಿಯ ಮಕ್ಕಳಿಗೆ ಸುಲ್ತಾನರ ಹೆಸರುಗಳು ಮರೆತರೂ ಕುದುರೆ ಮಾರಲು ಬಂದ ರಷ್ಯನ್ ಮರೆಯುತ್ತಿರಲಿಲ್ಲ. ತ್ವೇರ್‌ನ ವೋಲ್ಗಾ ದಂಡೆಯ ಮೇಲೆ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯಿದೆ. ಕುದುರೆಯ ತಲೆಯ ಆಕಾರದ ಮೂತಿಯುಳ್ಳ ದೋಣಿಯ ಮೇಲೆ ಅವನು ನಿಂತಿದ್ದಾನೆ. ಅದನ್ನು ನೋಡಬೇಕೆಂಬುದು ನನ್ನ ಬಹುಕಾಲದ ಬಯಕೆ.

ಇದನ್ನೆಲ್ಲ ಫೆಬ್ರವರಿಯಲ್ಲಿಯೇ ನಿಮ್ಮ ಕಚೇರಿಗೆ ಬಂದು ವಿವರಿಸಿದ್ದೆ. ತ್ವೇರ್ ಮಾಸ್ಕೋದಿಂದ ಸುಮಾರು 170 ಕಿಲೋಮೀಟರ್ ದೂರದಲ್ಲಿ, ಪೀಟರ್ಸ್‌ಬರ್ಗ್‌ಗೆ ಹೋಗುವ ರೈಲು ಮಾರ್ಗದಲ್ಲಿಯೇ ಇದೆ, ಅಲ್ಲಿ ನಿಲ್ಲುವ ರೈಲುಗಳೂ ಇವೆ, ಆದ್ದರಿಂದ ನಾನೂ ನನ್ನ ಹೆಂಡತಿಯೂ ಅಲ್ಲಿ ಇಳಿದು, ಪ್ರತಿಮೆ ನೋಡಿ, ಸಂಜೆಯ ರೈಲಿನಲ್ಲಿ ತಂಡವನ್ನು ಸೇರಿಕೊಳ್ಳುತ್ತೇವೆ ಎಂದಾಗ ನಿಮ್ಮವರು ಬಹಳ ಸಂತೋಷದಿಂದ ಒಪ್ಪಿದರು. ಪ್ರವಾಸದ ಮೊತ್ತದ ಮೇಲೆ ಕಾರು, ಸ್ಥಳೀಯ ಮಾರ್ಗದರ್ಶಿ ಮತ್ತು ಸಂಜೆಯ ಟಿಕೆಟ್‌ಗೆಂದು 14,500 ರೂಪಾಯಿಯನ್ನು ಪ್ರತ್ಯೇಕ ರಸೀದಿ ಕೊಟ್ಟು ಪಡೆದರು. ಭೇಟಿಯ ಸ್ಥಳಗಳ ಕ್ರಮವನ್ನು ಬದಲಿಸುವ ಹಕ್ಕನ್ನು ನಿಮ್ಮ ಷರತ್ತುಗಳ 9ನೇ ಕಲಮು ನಿಮಗೆ ಕೊಡುತ್ತದೆ, ಸ್ಥಳವನ್ನೇ ಬಿಡುವ ಹಕ್ಕನ್ನಲ್ಲ. ಬಿಟ್ಟರೆ ಏನು ಮಾಡಬೇಕೆಂಬುದು ಅದರ ಕೆಳಗಿನ ಸಾಲಿನಲ್ಲಿದೆ. ಬರೆದವರು ನೀವೇ ಆದ್ದರಿಂದ ನಾನು ಅದನ್ನು ಇಲ್ಲಿ ನಕಲು ಮಾಡುವುದಿಲ್ಲ.

ಇನ್ನು ಆ ಶನಿವಾರದ ಸಂಗತಿ. ಮಾಸ್ಕೋದ ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಲ್ಲಿ ಬೆಳಿಗ್ಗೆ ನಾವು 26 ಜನ ಸಪ್ಸಾನ್ ರೈಲು ಹತ್ತಿದೆವು. ಸಪ್ಸಾನ್ ಎಂದರೆ ಡೇಗೆ ಹಕ್ಕಿ. ಹೆಸರಿಗೆ ತಕ್ಕಂತೆ ಹಾರುವ ರೈಲು. ನನ್ನ ಹೆಂಡತಿ ತನ್ನ ಕೈಚೀಲವನ್ನು ಮೇಲೆ ಇಡದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಅದರೊಳಗೆ ನಾವು ಬೀದರಿನಿಂದ ಕೊಂಡೊಯ್ದಿದ್ದ, ಬಿದ್ರಿ ಕಸುಬಿನ, ಗೇಣಿಗಿಂತ ಚಿಕ್ಕದಾದ ಒಂದು ಕುದುರೆಯಿತ್ತು. ನಿಕಿತಿನ್ ನಮ್ಮೂರಿನಲ್ಲಿ ಮಾರಿ ಹೋದ ಕುದುರೆಗೆ ಬದಲಾಗಿ ಅವನ ಪಾದದ ಬಳಿ ಒಂದು ಗಳಿಗೆ ಇದನ್ನು ಇಟ್ಟು ಒಂದು ಫೋಟೋ ತೆಗೆಯೋಣವೆಂದು ಅವಳೇ ಯೋಚಿಸಿದ್ದು. ರೈಲು ಹೊರಟು ಅರ್ಧ ಗಂಟೆಯಾದ ಮೇಲೆ ನಾನು ನಿಮ್ಮ ಪ್ರವಾಸ ಮೇಲ್ವಿಚಾರಕರ ಬಳಿ ಹೋಗಿ, ತ್ವೇರ್ ಬಂದಾಗ ಎಚ್ಚರಿಸಬೇಕೆಂದು ಕೇಳಿದೆ.

ಅವರು, "ಯಾವ ತ್ವೇರ್?" ಎಂದರು. ನಾನು ರಸೀದಿ ತೋರಿಸಿದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಟೂರ್ ಎಂದಿರಬೇಕು, ಟೈಪ್ ಮಾಡುವಾಗ ತಪ್ಪಾಗಿದೆ ಎಂದು ತೀರ್ಪು ಕೊಟ್ಟರು. ತಪ್ಪಲ್ಲ, ಅದು ಒಂದು ಊರು, ಈಗ ಇನ್ನರ್ಧ ಗಂಟೆಯಲ್ಲಿ ಬರುತ್ತದೆ ಎಂದೆ. ಈ ರೈಲು ಅಲ್ಲಿ ನಿಲ್ಲುವುದೇ ಇಲ್ಲ ಎಂಬುದನ್ನು ನನಗೆ ತಿಳಿಸಿದವರು ಅವರಲ್ಲ, ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ, ನಮ್ಮ ಮಾತಿನಲ್ಲಿ ತ್ವೇರ್ ಎಂಬ ಒಂದು ಪದವನ್ನು ಮಾತ್ರ ಹಿಡಿದು, ತಲೆಯಾಡಿಸಿ, ಕೈಸನ್ನೆಯಲ್ಲಿ ಹೇಳಿದ ರಷ್ಯನ್ ಅಜ್ಜಿ. ಆಗ ನಿಮ್ಮ ಮೇಲ್ವಿಚಾರಕರು ಬೆಂಗಳೂರು ಕಚೇರಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಅತ್ತ ಕಡೆಯ ಹುಡುಗಿ ನನ್ನ ಬುಕಿಂಗ್ ಸಂಖ್ಯೆ ಬರೆದುಕೊಂಡ ಮೇಲೆ ನಡೆದ ಮಾತುಕತೆಯನ್ನು ನಾನು ಅದೇ ದಿನ ಡೈರಿಯಲ್ಲಿ ಬರೆದಿಟ್ಟಿರುವುದರಿಂದ ಒಂದಕ್ಷರವೂ ಹೆಚ್ಚು ಕಡಿಮೆಯಿಲ್ಲದೆ ಕೊಡುತ್ತಿದ್ದೇನೆ.

"ಸರ್, ನಿಕಿತಿನ್ ಅನ್ನುವವರು ನಿಮ್ಮ ಸಂಬಂಧಿಕರಾ?"

"ಅಲ್ಲಮ್ಮ. ಅವರು ನಮ್ಮೂರಿಗೆ ಬಂದಿದ್ದವರು."

"ಅವರ ಫೋನ್ ನಂಬರ್ ಕೊಡಿ ಸರ್, ನಿಲ್ದಾಣಕ್ಕೇ ಬಂದು ನಿಮ್ಮನ್ನು ಭೇಟಿಯಾಗಲು ಹೇಳುತ್ತೇವೆ."

"ಅವರು ತೀರಿಕೊಂಡಿದ್ದಾರೆ."

"ಓ, ಕ್ಷಮಿಸಿ ಸರ್. ಯಾವಾಗ?"

"ಐನೂರೈವತ್ತು ವರ್ಷದ ಹಿಂದೆ."

ಇಷ್ಟು ಹೊತ್ತಿಗೆ ಬೋಗಿಯ ನಮ್ಮ ತಂಡದವರೆಲ್ಲ ಮಾತು ನಿಲ್ಲಿಸಿ ಕೇಳುತ್ತಿದ್ದರು. ಒಂದೆರಡು ಕ್ಷಣ ಆ ಕಡೆಯಿಂದ ಕೀಲಿಮಣೆಯ ಸದ್ದು ಬಂತು. ನಂತರ ಆ ಹುಡುಗಿ, ಭೇಟಿಯಾಗಬೇಕಾದವರು ಮರಣಿಸಿದ್ದ ಪಕ್ಷದಲ್ಲಿ ಮರಣ ಪ್ರಮಾಣಪತ್ರದ ಪ್ರತಿಯನ್ನು ಇಮೇಲ್ ಮಾಡಿದರೆ ಹಣ ಮರುಪಾವತಿಯ ಪ್ರಕ್ರಿಯೆಯನ್ನು ಆರಂಭಿಸಬಹುದು ಎಂದಳು. ಬೋಗಿಯೇ ಕುಲುಕುವಂತೆ ನಗು ಎದ್ದಿತು. ನಿಮ್ಮ ಮೇಲ್ವಿಚಾರಕರೂ ನಕ್ಕರು, ನಗುತ್ತಲೇ ನನ್ನ ಭುಜ ತಟ್ಟಿ, "ಬಿಡಿ ಸರ್, ಎಡಗಡೆ ಕಿಟಕಿ ಹತ್ತಿರ ಕೂತ್ಕೊಳ್ಳಿ, ಸ್ಟ್ಯಾಚೂ ಕಾಣುತ್ತೆ" ಎಂದರು. ಪ್ರತಿಮೆ ಇರುವುದು ನದಿಯ ದಂಡೆಯಲ್ಲಿ, ರೈಲು ನಿಲ್ದಾಣದಲ್ಲಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಎಡಗಡೆಯ ಕಿಟಕಿಗೆ ಹೋಗಿ ಕುಳಿತೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತ್ವೇರ್ ಎಂಬ ಫಲಕ ಓದುವಷ್ಟರಲ್ಲಿ ಹಿಂದೆ ಸರಿಯಿತು. ನನ್ನ ಹೆಂಡತಿ ಕೈಚೀಲವನ್ನು ಮೇಲಿನ ಹಲಗೆಯ ಮೇಲೆ ಇಟ್ಟಳು. ಆ ಹೊತ್ತಿನಿಂದ ಪ್ರವಾಸ ಮುಗಿಯುವವರೆಗೂ ತಂಡದಲ್ಲಿ ನನ್ನ ಹೆಸರು ನಿಕಿತಿನ್ ಅಂಕಲ್ ಎಂದಾಯಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದಿದ್ದ ಪರದೆ ಏನು ತೋರಿಸಿತೋ ಅದನ್ನು ಅವಳು ಓದಿದಳು. ನನ್ನ ಸಿಟ್ಟು, ಮೂರು ತಿಂಗಳು ಮೊದಲೇ ಹಣ ಎಣಿಸಿಕೊಂಡು, ಆ ಪರದೆಯಲ್ಲಿ ಒಂದೇ ಒಂದು ಸಾಲನ್ನೂ ಬರೆಯದೆ ಬಿಟ್ಟವರ ಮೇಲೆ.

ಉಳಿದ ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಕೆಂಪು ಚೌಕದ ಲೆನಿನ್ ಸಮಾಧಿ ಸೋಮವಾರ ಮತ್ತು ಶುಕ್ರವಾರ ಮುಚ್ಚಿರುತ್ತದೆ. ನೀವು ನಮ್ಮನ್ನು ಕರೆದೊಯ್ದದ್ದು ಶುಕ್ರವಾರ. ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ. ವೇಳಾಪಟ್ಟಿಯಲ್ಲಿ ಭಾನುವಾರಕ್ಕಿದ್ದ ಆ ಭೇಟಿಯನ್ನು, ಭಾನುವಾರ ಒಂದು ಮತ್ರ್ಯೋಷ್ಕಾ ಬೊಂಬೆಯಂಗಡಿಯಲ್ಲಿ ಮೂರು ಗಂಟೆ ಕಳೆಯಲೆಂದು, ಸೋಮವಾರಕ್ಕೆ ಸರಿಸಿದಿರಿ. 1764ರಲ್ಲಿ ಕ್ಯಾಥರೀನ್ ರಾಣಿಯ ಚಿತ್ರಸಂಗ್ರಹದಿಂದ ಆರಂಭವಾಗಿ ಇಂದು 30 ಲಕ್ಷ ವಸ್ತುಗಳನ್ನು ಹೊಂದಿರುವ ಸಂಗ್ರಹಾಲಯದಲ್ಲಿ ನಾವು ನೋಡಿದ್ದು ಒಂದೇ ವಸ್ತು, ಅದು ಅದರ ಬಾಗಿಲು. ಅದರ ಮುಂದಿನ ಚೌಕದ ನಡುವಿನ ಅಲೆಕ್ಸಾಂಡರ್ ಸ್ತಂಭಕ್ಕೆ ವಾರದ ರಜೆ ಇಲ್ಲದ್ದರಿಂದ ಅದನ್ನು ಮಾತ್ರ ಮನದಣಿಯೆ ನೋಡಿದೆವು. ಕರಪತ್ರದಲ್ಲಿ ನೀವು ಮಾರಿದ್ದ ಮಧ್ಯರಾತ್ರಿಯ ಸೂರ್ಯನ ಬಗ್ಗೆ ಹೇಳುವುದಾದರೆ, ಪೀಟರ್ಸ್‌ಬರ್ಗ್ ಆರ್ಕ್ಟಿಕ್ ವೃತ್ತದಿಂದ ಆರು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕಿದೆ. ಜೂನ್ ತಿಂಗಳ ಅಲ್ಲಿನ ಬಿಳಿ ರಾತ್ರಿಗಳಲ್ಲಿ ಕತ್ತಲಾಗುವುದಿಲ್ಲ ನಿಜ, ಆದರೆ ಸೂರ್ಯ ಮುಳುಗುತ್ತಾನೆ. ಇದನ್ನು ಎಂಟನೆಯ ತರಗತಿಯ ಭೂಗೋಳದವರು ತಿದ್ದಿ ಕೊಡುತ್ತಿದ್ದರು. ಆ ರಾತ್ರಿಗಳ ಸೊಬಗಾದ, ನೆವಾ ನದಿಯ ಸೇತುವೆಗಳು ಹಡಗುಗಳಿಗಾಗಿ ಮೇಲೇಳುವ ನೋಟವನ್ನು ತೋರಿಸುತ್ತೇವೆಂದು ಕರೆದೊಯ್ದ ನಿಮ್ಮ ಬಸ್ಸು ಹನ್ನೆರಡಕ್ಕೇ ಹೋಟೆಲಿಗೆ ಮರಳಿತು. ಅರಮನೆ ಸೇತುವೆ ಏಳುವುದು ರಾತ್ರಿ ಒಂದು ಗಂಟೆ ದಾಟಿದ ನಂತರ.

ಹರ್ಮಿಟೇಜ್ ಬಾಗಿಲಿನಿಂದ ತಿರುಗಿದ ಆ ಸೋಮವಾರ ನಾನೇ ಸ್ವಂತ ಖರ್ಚಿನಲ್ಲಿ ತ್ವೇರ್‌ಗೆ ಹೋಗಿಬರಲು ಹೊರಟೆ. ಟಿಕೆಟ್ ಕಿಟಕಿಯಲ್ಲಿ ನನ್ನ ಎರಡು ಕಾರ್ಡುಗಳೂ ನಡೆಯಲಿಲ್ಲ. ಹೊರದೇಶಗಳ ಬ್ಯಾಂಕುಗಳು ಕೊಟ್ಟ ವೀಸಾ ಮತ್ತು ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ಆ ದೇಶಕ್ಕೆ ತಂಡಗಳನ್ನು ಕಳಿಸುವವರಿಗೆ ಇದು ತಿಳಿಯದಿರಲು ಸಾಧ್ಯವಿಲ್ಲ. ಆದರೂ ನೀವು ಕೊಟ್ಟ ಸೂಚನೆಗಳ ಹಾಳೆಯಲ್ಲಿ ನಗದು ಹೆಚ್ಚು ಒಯ್ಯಬೇಡಿ, ಎಲ್ಲ ಕಡೆ ಕಾರ್ಡ್ ಸ್ವೀಕರಿಸುತ್ತಾರೆ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದೆ. ಹಾಳೆ ನನ್ನ ಬಳಿಯಿದೆ.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಪೀಟರ್ಸ್‌ಬರ್ಗ್ ಬಳಿಯ ಪೀಟರ್‌ಹೋಫ್ ಅರಮನೆಯಲ್ಲಿ ನಮಗೆ ದೊರೆತ ಸ್ಥಳೀಯ ಮಾರ್ಗದರ್ಶಿ ಮಹಿಳೆ, ಅಲ್ಲಿನ ಕಾರಂಜಿಗಳು ಪಂಪುಗಳಿಲ್ಲದೆ, ಎತ್ತರದ ಪ್ರದೇಶದಿಂದ ಕಾಲುವೆಯಲ್ಲಿ ಹರಿದು ಬರುವ ನೀರಿನ ಒತ್ತಡದಿಂದಲೇ ಸುಮಾರು ಮೂರು ಶತಮಾನಗಳಿಂದ ಚಿಮ್ಮುತ್ತಿವೆ ಎಂಬುದನ್ನು ಅಷ್ಟು ಚೆನ್ನಾಗಿ ವಿವರಿಸಿದರು. ಬೀದರಿನ ನೌಬಾದಿನ ಸುರಂಗ ಕಾಲುವೆ, ಕರೇಜ್, ಕಂಡು ಬೆಳೆದ ನಾವಿಬ್ಬರೂ ಸಿಂಹದ ಬಾಯಿ ಸೀಳುವ ಸ್ಯಾಮ್ಸನ್ ಪ್ರತಿಮೆಯ ಎದುರು ಒಂದು ಗಂಟೆ ನಿಂತೆವು. ಆ ಮಹಿಳೆಗೆ ಐದಕ್ಕೆ ಐದು ನಕ್ಷತ್ರ. ಅವರು ನಿಮ್ಮ ನೌಕರರಲ್ಲ ಎಂದು ಆಮೇಲೆ ತಿಳಿಯಿತು.

ನಿಕಿತಿನ್ ಕೂಡ ಮೋಸ ಹೋದವನೇ. ಹಿಂದೂಸ್ತಾನದಲ್ಲಿ ನಿನಗೆ ಬೇಕಾದ ಸರಕು ಹೇರಳವಾಗಿ ಸಿಗುತ್ತದೆ ಎಂದು ನಂಬಿಸಿದವರನ್ನು ಅವನು ತನ್ನ ಬರಹದಲ್ಲಿ ಬೈದುಕೊಂಡಿದ್ದಾನೆ. ಬೀದರಿಗೆ ಬರುವ ದಾರಿಯಲ್ಲಿ, ಜುನ್ನರ್ ಎಂಬ ಊರಿನಲ್ಲಿ, ಅಲ್ಲಿನ ಖಾನನು ಅವನ ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಮಾತ್ರ ಹಿಂದಿರುಗಿಸುವೆನೆಂದು ನಾಲ್ಕು ದಿನದ ಗಡುವು ಕೊಟ್ಟಿದ್ದನು. ಆಗ ಖುರಾಸಾನದ ಒಬ್ಬ ಸಜ್ಜನನು ಖಾನನಲ್ಲಿಗೆ ಹೋಗಿ ಮಾತಾಡಿದನು, ಕುದುರೆ ಮರಳಿ ಬಂತು. ಹದಿನೈದನೆಯ ಶತಮಾನದ ಆ ಖಾನನ ಬಳಿ ದೂರು ಇತ್ಯರ್ಥಕ್ಕೆ ದಿನಗಳು ಸಾಕಾದವು. ನಿಮ್ಮ ಬಳಿ ಮೂರು ತಿಂಗಳು ಸಾಲಲಿಲ್ಲ. ನಿಕಿತಿನ್ ಊರಿಗೆ ಮರಳುವ ದಾರಿಯಲ್ಲಿ ಸ್ಮೊಲೆನ್ಸ್ಕ್ ಸಮೀಪ ತೀರಿಕೊಂಡನು, ಅಂದರೆ ಬೀದರಿನಿಂದ ಹೊರಟು ತ್ವೇರ್ ತಲುಪದವರಲ್ಲಿ ನಾನು ಮೊದಲಿಗನಲ್ಲ. ಆದರೆ ಅವನಿಂದ ಯಾರೂ ಮುಂಗಡವಾಗಿ 14,500 ರೂಪಾಯಿ ಪಡೆದಿರಲಿಲ್ಲ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಆ ಮೊತ್ತವನ್ನೂ, ಹರ್ಮಿಟೇಜ್ ಪ್ರವೇಶಕ್ಕೆಂದು ನಮ್ಮಿಬ್ಬರಿಂದ ಪಡೆದ ಹಣವನ್ನೂ ನನ್ನ ಖಾತೆಗೆ ಮರಳಿಸಬೇಕು. ರೈಲಿನಲ್ಲಿ ನಡೆದುದಕ್ಕೆ ಲಿಖಿತ ಕ್ಷಮಾಪಣೆ ಬೇಕು, ಅದರಲ್ಲಿ ತ್ವೇರ್ ಮತ್ತು ನಿಕಿತಿನ್ ಎಂಬ ಎರಡು ಪದಗಳು ಸರಿಯಾದ ಕಾಗುಣಿತದಲ್ಲಿ ಇರಬೇಕು. ಕೂಪನ್ ಬೇಡ. ನಿಜ ಹೇಳಬೇಕೆಂದರೆ ನೀವು ಇದನ್ನು ಮಾಡುತ್ತೀರಿ ಎಂಬ ಭರವಸೆ ನನಗೆ ಉಳಿದಿಲ್ಲ, ಮಾಡದಿದ್ದರೆ ನನಗೆ ವಿಶೇಷ ಬೇಸರವೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಸೇವಾ ನ್ಯೂನತೆಯ ಪ್ರಕರಣ ಹೂಡಬಹುದು, ಅದಕ್ಕೆ ಎರಡು ವರ್ಷಗಳ ಕಾಲಾವಕಾಶವಿದೆ, ಮತ್ತು ನಾವು ನಿಮಗೆ ಕೊಟ್ಟ ಒಟ್ಟು ಹಣ ಐದು ಲಕ್ಷದೊಳಗೆ ಇರುವುದರಿಂದ ಶುಲ್ಕವೂ ಇಲ್ಲ. ನಿವೃತ್ತನಾದ ನನಗೆ ಸಮಯಕ್ಕೆ ಕೊರತೆಯಿಲ್ಲ. ರಸೀದಿ, ಸೂಚನೆಗಳ ಹಾಳೆ, ಡೈರಿಯ ಪುಟಗಳು ಸಿದ್ಧವಾಗಿವೆ; ಬಿದ್ರಿ ಕುದುರೆಯನ್ನೂ ಹಾಜರುಪಡಿಸಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದಾಳೆ, ನಾನು ತಡೆದಿಲ್ಲ.

ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರ್. ಪ್ರತಿ ವಿಚಾರಣೆಗೂ ನಿಮ್ಮ ವಕೀಲರು ಅಷ್ಟು ದೂರ ಬರಬೇಕಾಗುತ್ತದೆ. ಬಂದವರಿಗೆ ಕೋಟೆಯನ್ನೂ ಗವಾನನ ಮದರಸವನ್ನೂ ತೋರಿಸುವ ಹೊಣೆ ನನ್ನದು. ಯಾವ ದಿನ ಯಾವುದು ತೆರೆದಿರುತ್ತದೆ ಎಂಬುದನ್ನು ವಿಚಾರಿಸಿ ಅವರಿಗೆ ಮುಂಚಿತವಾಗಿಯೇ ತಿಳಿಸುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕ,
ಬೀದರ್
(ಬುಕಿಂಗ್ ಸಂಖ್ಯೆಯನ್ನು ನಿಮ್ಮ ಸಿಬ್ಬಂದಿ ಹನ್ನೊಂದು ಬಾರಿ ಬರೆದುಕೊಂಡಿದ್ದಾರೆ.)